ಡೊಂಬಿವಲಿಯವನೂ ಇಳಿಜಾರೂ

ಡೊಂಬಿವಲಿಯಲ್ಲಿ ಹೇಳಿಕೊಳ್ಳುವಂಥ ಇಳಿಜಾರಿಲ್ಲ. ಇರುವುದು ರೈಲ್ವೆ ಸೇತುವೆಯ ಮೆಟ್ಟಿಲು. ಬೆಳಗ್ಗೆ ಎಂಟರ ಹೊತ್ತಿಗೆ ಅದನ್ನೂ ಯಾರೂ ತಾವಾಗಿ ಇಳಿಯುವುದಿಲ್ಲ, ಹಿಂದಿನವರು ಇಳಿಸಿಬಿಡುತ್ತಾರೆ. ಇಂಥ ಊರಿನಲ್ಲಿ ಕೂದಲು ನರೆಸಿಕೊಂಡ ನನಗೆ, ನಾಲ್ಕು ಚಕ್ರದ ಉದ್ದ ಹಲಗೆಯ ಮೇಲೆ ನಿಂತು ಗುಡ್ಡ ಇಳಿಯುವ ಲಾಂಗ್‌ಬೋರ್ಡ್ ಹುಚ್ಚು ಹಿಡಿಸಿದವಳು ಖಾರ್ಘರ್‌ನಲ್ಲಿರುವ ಅಕ್ಕನ ಮಗಳು. ಗುಡ್ಡದ ವಿಷಯದಲ್ಲಿ ನವಿಮುಂಬಯಿಯವರು ಅನುಕೂಲಸ್ಥರು. ಬೇಲಾಪುರದಲ್ಲಿ ಪಾರ್ಸಿಕ್ ಗುಡ್ಡ, ಖಾರ್ಘರ್‌ಗೆ ಅದರದೇ ಗುಡ್ಡ. ಠಾಣೆಯವರಿಗೆ ಯೇವೂರ್ ಇದೆ, ಅಲ್ಲಿ ಚಿರತೆಗಳೂ ಇವೆ. ವೇಗಕ್ಕೆ ಅಂಥ ಪ್ರೇರಣೆ ಬೇರೆಲ್ಲೂ ಸಿಗಲಿಕ್ಕಿಲ್ಲ, ಆದರೆ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ನಮ್ಮ ಆಟ ಬೇಡವೆಂದು ಬಿಟ್ಟೆವು. ಕಲ್ಯಾಣದವರ ಹಾಜಿ ಮಲಂಗ್‌ಗೆ ಮೆಟ್ಟಿಲು. ಆ ಮಾತೇ ಬೇಡ.

ಹಲಗೆಯನ್ನು ಡೊಂಬಿವಲಿಯಿಂದ ಒಯ್ಯುವುದೇ ಒಂದು ಸಾಹಸ. ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್‌ನ ಪನ್ವೇಲ್ ಗಾಡಿ ಹಿಡಿಯಬೇಕು. "ಕಾಕಾ, ಇಸ್ತ್ರಿ ಮಾಡೋ ಟೇಬಲ್ಲಾ? ಕಾಲೆಲ್ಲಿ?" ಎಂದು ಒಬ್ಬ ಹುಡುಗ ಕೇಳಿದ. "ಕಾಲು ನನ್ನದೇ" ಎಂದೆ. ಡಬ್ಬಿಯಲ್ಲಿದ್ದವರೆಲ್ಲ ನನ್ನ ಕಾಲು ನೋಡಿ ಸುಮ್ಮನಾದರು.

ಸೊಸೆ ಮೊದಮೊದಲು ಗುಡ್ಡವನ್ನು ತೋರಿಸಲೇ ಇಲ್ಲ. ತನ್ನ ಸೊಸೈಟಿಯ ಸಮತಟ್ಟು ರಸ್ತೆಯಲ್ಲಿ ನಿಲ್ಲಿಸಿ, "ಮಾವ, ಹೋಗೋದು ಹಲಗೆಯ ಕೆಲಸ. ನಿಲ್ಲೋದು ನಿಮ್ಮ ಕೆಲಸ" ಎಂದಳು. ಮುಂಗಾಲಿನ ಮೇಲೆ ಪೂರ್ತಿ ಭಾರ ಹಾಕಿ, ಮಂಡಿ ಬಗ್ಗಿಸಿ, ಹಿಂದಿನ ಕಾಲನ್ನು ಕೆಳಗಿಳಿಸಿ ಅಂಗಾಲು ಚಪ್ಪಟೆಯಾಗಿ ಡಾಂಬರಿಗೆ ತಾಗಿಸಬೇಕು. ಮೊದಲು ಸವರಿದ ಹಾಗೆ, ಆಮೇಲೆ ಒತ್ತಿ. ಇದೇ ಫುಟ್‌ಬ್ರೇಕ್. ಒಮ್ಮೆಲೇ ಊರಿದರೆ ಕಾಲು ನಿಂತು, ಹಲಗೆಯೂ ಉಳಿದ ದೇಹವೂ ಮುಂದೆ ಹೋಗುತ್ತವೆ. ಸ್ಟೇಷನ್ ಬಳಿಯ ಚಪ್ಪಲಿ ರಿಪೇರಿಯವನು ನನ್ನ ಬೂಟು ತಿರುಗಿಸಿ ನೋಡಿ, "ಬಲಗಾಲಿನದು ಮಾತ್ರ ಹೀಗೇಕೆ ಸವೆದಿದೆ ಸಾಹೇಬರೇ, ಕುಂಟುತ್ತೀರಾ?" ಎಂದು ಕರುಣೆಯಿಂದ ವಿಚಾರಿಸಿದ. ವಿವರಿಸಿದ ಮೇಲೆ ಅವನ ಕರುಣೆ ಇನ್ನಷ್ಟು ಹೆಚ್ಚಿತು.

ಗುಡ್ಡಕ್ಕೆ ಹೋದ ಮೇಲೂ ಕಾನೂನು ಕಟ್ಟುನಿಟ್ಟು. ಇಳಿಜಾರಿನ ಬುಡದಿಂದ ನಾಲ್ಕು ಹೆಜ್ಜೆ ಮೇಲಕ್ಕೆ ನಡೆದು ಅಲ್ಲಿಂದಷ್ಟೇ ಇಳಿಯಬೇಕು. ರಸ್ತೆ ಸಮತಟ್ಟಾಗಿ ಹಲಗೆ ತಾನಾಗಿ ನಿಂತರೆ ಲೆಕ್ಕಕ್ಕಿಲ್ಲ. ನಾನು ಹೇಳಿದ ಕಡೆ ನಿಲ್ಲಿಸಿದರೆ ಮಾತ್ರ ಇನ್ನು ನಾಲ್ಕು ಹೆಜ್ಜೆ ಮೇಲಕ್ಕೆ ಬಡ್ತಿ. ನೆತ್ತಿಯಿಂದಲೇ ಹೊರಡುವವರನ್ನು ಜನ ಧೈರ್ಯಶಾಲಿ ಅನ್ನುತ್ತಾರೆ. ಬೇಕಾದ ಕಡೆ ನಿಲ್ಲಬಲ್ಲೆ ಎಂಬ ಖಾತ್ರಿಯನ್ನು ಬಿಟ್ಟು ಬೇರೆ ಧೈರ್ಯ ಈ ವಿದ್ಯೆಯಲ್ಲಿ ನನಗಂತೂ ಕಾಣಲಿಲ್ಲ.

ವೇಗ ಏರಿದಾಗ ಹಲಗೆಗೆ ನಡುಕ ಹುಟ್ಟುತ್ತದೆ, ಅದಕ್ಕೆ ವಾಬಲ್ ಅನ್ನುತ್ತಾರೆ. ಹೆದರಿದವನು ಸಹಜವಾಗಿ ಹಿಂದಕ್ಕೆ ವಾಲುತ್ತಾನೆ. ಭಾರ ಹಿಂದೆ ಬಿದ್ದಿತೋ, ಹಿಂದಿನ ಚಕ್ರಗಳು ಚುಕ್ಕಾಣಿ ಹಿಡಿದು ಹಲಗೆಯನ್ನು ಆಚೀಚೆ ಅಲ್ಲಾಡಿಸುತ್ತವೆ. ಅದಕ್ಕೆ ಅವನು ಇನ್ನಷ್ಟು ಹೆದರಿ ಇನ್ನಷ್ಟು ವಾಲುತ್ತಾನೆ. ಭಾರವನ್ನು ಮುಂಗಾಲಿಗೆ ತಂದು, ಮಂಡಿ ಸಡಿಲ ಬಿಟ್ಟು, ಕಣ್ಣನ್ನು ದೂರದ ರಸ್ತೆಯಲ್ಲಿಟ್ಟರೆ ಗುಣ. ಇಲ್ಲಿ ಮಾತ್ರ ಡೊಂಬಿವಲಿ ನನ್ನ ಕೈಬಿಡಲಿಲ್ಲ. ಫಾಸ್ಟ್ ಲೋಕಲ್‌ನಲ್ಲಿ ಹಿಡಿಯಲು ಕೊಂಡಿ ಸಿಗದೆ ಅಡ್ಡಡ್ಡ ಕಾಲಿಟ್ಟು ನಿಂತವನ ಮಂಡಿಯ ಹಾಗೆ ನಿಮ್ಮ ಮಂಡಿ ಇರಬೇಕು, ಅಷ್ಟೆ. ಸೊಸೆಯ ಗೆಳೆಯರು ಜಿಮ್ಮಿಗೆ ಹಣ ತೆತ್ತು ಕಲಿತದ್ದನ್ನು ನಾನು ಸೀಸನ್ ಪಾಸಿನಲ್ಲೇ ಕಲಿತಿದ್ದೆ.

ಇನ್ನು ಸ್ಲೈಡ್. ಹಲಗೆಯನ್ನು ಅಡ್ಡಕ್ಕೆ ತಿರುಗಿಸಿ ಚಕ್ರಗಳನ್ನು ಡಾಂಬರಿನ ಮೇಲೆ ಜಾರಿಸಿ ವೇಗ ಕೊಲ್ಲುವ ಉಪಾಯ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಗುಡ್ಡಗಳ ಕ್ಲಿಫ್ ಕೋಲ್ಮನ್ ಎಂಬವರ ಹೆಸರು ಇದಕ್ಕೆ ಅಂಟಿಕೊಂಡಿದೆ: ಕುಕ್ಕರಗಾಲಿನಷ್ಟು ಕುಗ್ಗಿ, ಒಂದು ಕೈಯನ್ನು ರಸ್ತೆಗೆ ಊರಿ ತಿರುಗುವುದು. 1970ರ ದಶಕದಲ್ಲಿ ಯುರೇಥೇನ್ ಚಕ್ರ ಬಂದ ಮೇಲೆ ಈ ಆಟದ ದಿಕ್ಕೇ ಬದಲಾಯಿತು. ಅದಕ್ಕೆ ಮುಂಚಿನ ಲೋಹದ, ಮಣ್ಣಿನ ಚಕ್ರಗಳಿಗೆ ಒಂದು ಹರಳು ಸಿಕ್ಕರೆ ಸವಾರ ಗಾಳಿಯಲ್ಲಿ. ಕೈ ಊರಲು ಅಂಗೈಯಲ್ಲಿ ಪ್ಲಾಸ್ಟಿಕ್ ಬಿಲ್ಲೆಯಿರುವ ಗ್ಲೌಸ್ ಬೇಕು. ನಾವು ವೆಲ್ಡಿಂಗ್‌ನವರ ಚರ್ಮದ ಗ್ಲೌಸ್ ತಂದು, ಅದಕ್ಕೆ ವೆಲ್ಕ್ರೋ ಅಂಟಿಸಿ, ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಮಣೆಯಿಂದ ಬಿಲ್ಲೆ ಕೊರೆದುಕೊಂಡೆವು. ಆ ಮಣೆ ಯಾರದೋ ಗೃಹಪ್ರವೇಶದಲ್ಲಿ ಬಂದ ಉಡುಗೊರೆ. ನನ್ನ ಹೆಂಡತಿಗೆ ಊರಿನ ಮೆಟ್ಟುಕತ್ತಿಯೇ ಆಗಬೇಕು. ಮಣೆಯಲ್ಲಿ ಬಿದ್ದ ಎರಡು ದುಂಡನೆಯ ತೂತು ನೋಡಿ, "ಇನ್ನು ಇದರಲ್ಲಿ ಚಕ್ಕುಲಿ ಒತ್ತಬಹುದು" ಎಂದಷ್ಟೇ ಹೇಳಿದಳು.

2017ರಲ್ಲಿ ಬ್ರಿಟನ್ನಿನ ಪೀಟ್ ಕಾನಲಿ ಕೆನಡಾದ ಕ್ವಿಬೆಕ್‌ನ ಇಳಿಜಾರೊಂದರಲ್ಲಿ ಗಂಟೆಗೆ 146.73 ಕಿಲೋಮೀಟರ್ ವೇಗದಲ್ಲಿ ಇಳಿದು ದಾಖಲೆ ಬರೆದ. ನಮ್ಮ ಫಾಸ್ಟ್ ಲೋಕಲ್ಲೂ ಅಷ್ಟು ಓಡದು. ನನ್ನ ವೇಗಕ್ಕೆ ಖಾರ್ಘರ್ ಗುಡ್ಡದಲ್ಲಿ ವಾಕಿಂಗ್ ಬರುವ ಅಜ್ಜಂದಿರು ಪಕ್ಕದಲ್ಲೇ ನಡೆಯುತ್ತ, ಕರ್ನಾಟಕದಲ್ಲಿ ಯಾವ ಊರು ಎಂದು ವಿಚಾರಿಸುತ್ತಾರೆ. ತಿರುವಿನಲ್ಲಿ ನಿಂತು ಟೆಂಪೋ, ನಾಯಿ, ಬೈಕು ಬಂದಾಗ ಮೇಲಿನವರಿಗೆ ಕೈ ಬೀಸುವ ಕೆಲಸವೂ ಈ ವಿದ್ಯೆಯ ಅಂಗವೇ. ಗುಂಪಿನವರು ಅದನ್ನು ಬಹುತೇಕ ನನಗೇ ವಹಿಸುತ್ತಾರೆ, ಹಿರಿಯರೆಂಬ ಗೌರವದಿಂದ. ಮಳೆಗಾಲದಲ್ಲಿ ರಸ್ತೆಗೆ ಪಾಚಿ ಹಿಡಿಯುವುದರಿಂದ ಹಲಗೆ ಮಂಚದಡಿಗೆ ಹೋಗುತ್ತದೆ.

ಕಲಿಯುವ ಮನಸ್ಸಿದ್ದವರು ಮೊದಲು ಹೆಲ್ಮೆಟ್, ಆಮೇಲೆ ಮಂಡಿಕವಚ, ಕೊನೆಗೆ ಹಲಗೆ ಕೊಳ್ಳಿ. ಮಂಡಿಕವಚ ಮೆಡಿಕಲ್ ಅಂಗಡಿಯ ಬಟ್ಟೆಯದು ಬೇಡ. ಅದು ನೋವಿಗೆ ಹಾಕುವುದು, ಬೀಳುವುದಕ್ಕಲ್ಲ. ಗಟ್ಟಿ ಪ್ಲಾಸ್ಟಿಕ್ ಚಿಪ್ಪಿರುವುದನ್ನೇ ಕೇಳಿ ತೆಗೆದುಕೊಳ್ಳಿ.