ಬಾಯಿ ಬಿಟ್ಟು ಕೇಳಿ, ಅಧ್ಯಕ್ಷರೇ!

ಗಣೇಶನ ಹಬ್ಬ ಹತ್ತಿರ ಬಂತೆಂದರೆ ಬೀದಿಗೊಬ್ಬರು ಅಧ್ಯಕ್ಷರು ಹುಟ್ಟಿಕೊಳ್ಳುತ್ತಾರೆ. ಅವರನ್ನು ಗುರುತಿಸುವುದು ಸುಲಭ. ಹೆಗಲ ಮೇಲೆ ಪೆಂಡಾಲಿನ ಗಳ, ಕಿವಿಗಂಟಿದ ಫೋನು, ಜೇಬಲ್ಲಿ ಚಂದಾ ರಸೀದಿ ಪುಸ್ತಕ, ಬಾಯಲ್ಲಿ ಒಂದೇ ಮಂತ್ರ: "ಬಿಡಿ ಸಾರ್, ನಾನೇ ನೋಡ್ಕೋತೀನಿ." ಮನೆಮನೆ ಸುತ್ತಿ ಚಂದಾ ಎತ್ತುವವರೂ ಅವರೇ, ಪೊಲೀಸ್ ಠಾಣೆಗೆ ಅನುಮತಿಗೆ ಅಲೆಯುವವರೂ ಅವರೇ, ಮೈಕ್‌ಸೆಟ್‌ನವನ ಹತ್ತಿರ ಚೌಕಾಸಿ ಮಾಡುವವರೂ ಅವರೇ. ವಿಸರ್ಜನೆಯ ದಿನ ಗಣಪತಿಗಿಂತ ಮೊದಲು ಇವರೇ ಮುಳುಗುವಂತಿರುತ್ತಾರೆ.

ಯಾರನ್ನಾದರೂ ನೆರವು ಕೇಳಿದರೆ ಮರ್ಯಾದೆ ಹೋಗುತ್ತದಂತೆ. "ಇಷ್ಟು ಮಾಡೋಕಾಗದವನು ಅಧ್ಯಕ್ಷ ಯಾಕಾದ ಅಂತಾರೆ ಜನ" ಎಂಬ ಅಳುಕು. ನನಗೇನೋ ಒಳಗೆ ಬೇರೆಯೇ ಭಯ ಇದ್ದಂತೆ ಕಾಣುತ್ತದೆ. ಇನ್ನೊಬ್ಬರು ಮಾಡಿ ಕೆಲಸ ಕೆಟ್ಟರೆ ಚಿಂತೆಯಿಲ್ಲ, ಚೆನ್ನಾಗಿ ಆಗಿಬಿಟ್ಟರೆ?

ಶ್ರೀರಾಮನಿಗೇ ಇಲ್ಲದ ಸಂಕೋಚ ಇವರಿಗೆ! ಅವನು ಸುಗ್ರೀವನ ಸ್ನೇಹ ಬೇಡಿದ, ಸೇತುವೆ ಕೆಲಸ ನಳನ ಕೈಗೆ ಬಿಟ್ಟ. ವಾಲ್ಮೀಕಿಯ ಲೆಕ್ಕದಲ್ಲಿ ನೂರು ಯೋಜನದ ಸೇತುವೆ ಐದೇ ದಿನಕ್ಕೆ ಮುಗಿಯಿತು. ನಮ್ಮ ಅಧ್ಯಕ್ಷರ ಕೈಗೆ ಕೊಟ್ಟಿದ್ದರೆ ಕಲ್ಲುಗಳನ್ನೆಲ್ಲ ತಾವೇ ಹೊರುತ್ತಿದ್ದರು. ಕಪಿಸೇನೆ ದಡದಲ್ಲಿ ಕಡಲೆಕಾಯಿ ತಿನ್ನುತ್ತ ಕೂತಿರುತ್ತಿತ್ತು.

ಹಾಗಂತ ಅವರು ಕೇಳುವುದೇ ಇಲ್ಲ ಅಂತಲ್ಲ. ಸೊಂಟ ಹಿಡಿದುಕೊಂಡ ಮೇಲೆ, ರಾತ್ರಿ ಹನ್ನೊಂದಕ್ಕೆ, ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಬರುತ್ತದೆ: "ಎಲ್ಲರೂ ಸಹಕರಿಸಬೇಕಾಗಿ ವಿನಂತಿ." ಬೆಳಗಾಗುವುದರೊಳಗೆ ಹೆಬ್ಬೆರಳುಗಳ ರಾಶಿ, ಜೊತೆಗೆ ನಾಲ್ಕು ಮುಗಿದ ಕೈ. ಹೆಬ್ಬೆರಳು ಎತ್ತಿದವರಲ್ಲಿ ಒಬ್ಬರಾದರೂ ಕುರ್ಚಿ ಎತ್ತಲು ಬಂದರೆ ಕೇಳಿ.

ಇದರಲ್ಲಿ ಬೀದಿಯವರ ತಪ್ಪೂ ಪೂರ್ತಿ ಇಲ್ಲ. ಅಮೆರಿಕದಲ್ಲಿ ಜಾನ್ ಡಾರ್ಲಿ, ಬಿಬ್ ಲಾಟಾನೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿ 1968ರಲ್ಲಿ ಪ್ರಕಟಿಸಿದರು. ಬೇರೆ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದಂತೆ ವಿದ್ಯಾರ್ಥಿಗಳಿಗೆ ದನಿ ಕೇಳಿಸಿದರು. ಇದು ತನ್ನೊಬ್ಬನಿಗೇ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ಆ ದನಿ ನಿಲ್ಲುವುದರೊಳಗೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು 31 ಮಾತ್ರ. ಜೀವ ಹೋಗುವಂಥ ಕೂಗಿಗೇ ಈ ಗತಿ. ಇನ್ನು ಬಾಳೆಕಂದು ಕಟ್ಟುವುದಕ್ಕೆ ಯಾರು ಏಳುತ್ತಾರೆ, ಸ್ವಾಮಿ?

ಹೆಸರು ಹಿಡಿದು ಕರೆಯಬೇಕು. "ಮೇಷ್ಟ್ರೇ, ನಾಳೆ ಬೆಳಿಗ್ಗೆ ಆರಕ್ಕೆ ಮಾರ್ಕೆಟ್ಟಿಂದ ಹೂವು ತರೋದು ನಿಮ್ಮದು. ಆಟೋದವನಿಗೆ ನಾನು ಹೇಳಿದೀನಿ." ಇಷ್ಟೇ. ವರ್ಷವಿಡೀ ಜಗಲಿಯಲ್ಲಿ ಕೂತು ಸಮಿತಿಯ ಲೆಕ್ಕಪತ್ರ ಜಾಲಾಡುತ್ತಿದ್ದ ಮೇಷ್ಟ್ರು ಮರುದಿನ ಸೇವಂತಿಗೆಯನ್ನು ಮಾರಿಗೆ ಐದು ರೂಪಾಯಿ ಕಮ್ಮಿಗೆ ತಂದು, "ನಮ್ಮ ಗಣಪತಿಗೆ ಬಾಡಿದ ಹೂವು ನಾನು ಮುಟ್ಟಲ್ಲ" ಎಂದು ಇಡೀ ಬೀದಿಗೆ ಸಾರುತ್ತಾರೆ. ಆ "ನಮ್ಮ" ಹೇಗೆ ನುಗ್ಗಿತು ನೋಡಿ!

ಬೆಂಜಮಿನ್ ಫ್ರಾಂಕ್ಲಿನ್‌ಗೆ ಈ ಗುಟ್ಟು ಗೊತ್ತಿತ್ತು. ಪೆನ್ಸಿಲ್ವೇನಿಯಾ ಶಾಸನಸಭೆಯಲ್ಲಿ ತನ್ನ ವಿರುದ್ಧ ಭಾಷಣ ಬಿಗಿದ ಸದಸ್ಯನೊಬ್ಬನಿಗೆ ಚೀಟಿ ಬರೆದು, ಅವನ ಹತ್ತಿರವಿದ್ದ ಅಪರೂಪದ ಪುಸ್ತಕವೊಂದನ್ನು ಎರವಲು ಕೇಳಿದ. ಸುಮಾರು ಒಂದು ವಾರಕ್ಕೆ ವಾಪಸು ಮಾಡಿ ಕೃತಜ್ಞತೆಯನ್ನೂ ಹೇಳಿದ. ಆ ಮನುಷ್ಯ ಕೊನೆಯವರೆಗೂ ಗೆಳೆಯನಾಗಿ ಉಳಿದ. ಪುಸ್ತಕ ವಾಪಸು ಹೋದದ್ದೇ ದೊಡ್ಡ ಪವಾಡ ಅಂತೀರಾ? ನಿಜ, ಅದರಲ್ಲಿ ನಾವು ಫ್ರಾಂಕ್ಲಿನ್‌ಗಿಂತ ತುಂಬಾ ಹಿಂದಿದ್ದೇವೆ.

ಆದ್ದರಿಂದ ಅಧ್ಯಕ್ಷರೇ, ಈ ಸಲ ನಿಮ್ಮನ್ನು ಬಯ್ಯುವವರ ಪಟ್ಟಿ ಮೊದಲು ಮಾಡಿಕೊಳ್ಳಿ; ಚರುಪು ಹಂಚುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಒಪ್ಪಿಸಿ. ಓದುಗರೇ, ನಿಮ್ಮ ಹೆಸರೂ ಆ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಕರೆ ಬಂದಾಗ "ಆಫೀಸಲ್ಲಿ ಮೀಟಿಂಗ್ ಇದೆ" ಅನ್ನಬೇಡಿ, ಹಬ್ಬಕ್ಕೆ ಸರ್ಕಾರವೇ ರಜೆ ಕೊಟ್ಟಿದೆ.