ಮತ್ತೆ ದ್ವಿತೀಯ ದರ್ಜೆ

ನಿವೃತ್ತನಾದ ಮೇಲೆ ಮನೆಯಲ್ಲಿ ನನ್ನ ಮಾತು ಯಾರೂ ಕೇಳುತ್ತಿರಲಿಲ್ಲ. ಈಗ ಬಲಭುಜವೂ ಅವರ ಪಕ್ಷ ಸೇರಿತು. ಅಟ್ಟದ ಡಬ್ಬ ಇಳಿಸಲು ಹೋದರೆ ಕೈ ಕಿವಿಯ ತನಕ ಬಂದು ಅಲ್ಲೇ ಧರಣಿ ಕೂತುಬಿಡುತ್ತದೆ. ಫಿಸಿಯೋಥೆರಪಿ ಹುಡುಗಿ ಮಾತ್ರೆ ಬರೆಯುತ್ತಾಳೇನೋ ಅಂತ ಕಾದರೆ, ಒಂದೂವರೆ ಮೀಟರ್ ಉದ್ದದ ಹಳದಿ ರಬ್ಬರ್ ಪಟ್ಟಿ ಕೈಗಿಟ್ಟಳು. "ಅಂಕಲ್, ಇದನ್ನ ದಿನಾ ಎಳೀರಿ." ಇಷ್ಟು ಹೇಳೋದಕ್ಕೂ ಫೀಸು!

ಪಟ್ಟಿಗಳಲ್ಲೂ ದರ್ಜೆಗಳಿವೆ. ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ. ನನ್ನ ಪಟ್ಟಿಯ ಕಂಪನಿಯಲ್ಲಿ ಹಳದಿ ಹಗುರ, ಆಮೇಲೆ ಕೆಂಪು, ಹಸಿರು, ನೀಲಿ, ಕಪ್ಪು. 35 ವರ್ಷ ಸವೆದು ಸೂಪರಿಂಟೆಂಡೆಂಟ್ ಆಗಿ ಮನೆಗೆ ಬಂದವನನ್ನು ಆ ಹುಡುಗಿ ಒಂದೇ ಏಟಿಗೆ ದ್ವಿತೀಯ ದರ್ಜೆ ಸಹಾಯಕನ ಕುರ್ಚಿಗೆ ಇಳಿಸಿದಳು. ಕೆಂಪಿಗೆ ಬಡ್ತಿ ಯಾವಾಗಮ್ಮ ಅಂದರೆ, "15 ಸಲ ಸಲೀಸಾಗಿ ಎಳೆದ ಮೇಲೆ ನೋಡೋಣ" ಅಂದಳು. ಈ 'ನೋಡೋಣ' ಅನ್ನೋದನ್ನು ನಾನೇ ಎಷ್ಟು ಫೈಲಿನ ಮೇಲೆ ಬರೆದಿಲ್ಲ!

ಡಂಬೆಲ್ ಪ್ರಾಮಾಣಿಕ ಪ್ರಾಣಿ. ಐದು ಕಿಲೋ ಅಂದರೆ ಕೊನೆತನಕ ಐದೇ ಕಿಲೋ. ಈ ಪಟ್ಟಿ ಹಾಗಲ್ಲ. ಮೊದಲು ನಗುನಗುತ್ತಾ ಬಂದು, ಎಳೆದಷ್ಟೂ ಬಿಗಿಯುತ್ತದೆ, ಥೇಟ್ ಮದುವೆ ಮಾತುಕತೆಗೆ ಕೂತ ಬೀಗರ ಹಾಗೆ. ಹಿಗ್ಗಿಸಿದಷ್ಟೂ ಬಲ ಹೆಚ್ಚು ಅಂತ ರಾಬರ್ಟ್ ಹುಕ್ 1678ರಲ್ಲೇ ಸ್ಪ್ರಿಂಗಿನ ಬಗ್ಗೆ ಬರೆದಿದ್ದ. ರಬ್ಬರ್ ಅವನ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸುವುದಿಲ್ಲ, ಆದರೆ ನನ್ನ ಬೆವರಿಳಿಸುವಷ್ಟು ಪಾಲಿಸುತ್ತದೆ.

ಪಾರ್ಕಿನ ಗೆಳೆಯರಿಗೆ ಹೇಳಿದೆ: ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸಿ ಅಂತಿದೆ ಕಣ್ರೋ. "ನಾವು ದಿನಾ ಸುತ್ತೋದಿಲ್ವೇ?" ಅಂದರು. ಸುತ್ತುವಾಗ ಕೆಲಸ ಮಾಡೋದು ಕಾಲು ಮತ್ತು ಬಾಯಿ; ರಟ್ಟೆಗೆ ಪೂರ್ತಿ ರಜೆ.

ಸುಳ್ಯದಲ್ಲಿ ರಬ್ಬರ್ ತೋಟ ಇಟ್ಟುಕೊಂಡಿರುವ ಹೆಂಡತಿಯ ತಮ್ಮ ಫೋನಿನಲ್ಲೇ ನಕ್ಕ. "ಬೆಳಗ್ಗೆ ಟ್ಯಾಪಿಂಗ್ ಮಾಡಿ ನಾವು ಗೆರಟೆಗೆ ಇಳಿಸಿದ ಹಾಲು, ಈಗ ನಿಮ್ಮ ರಟ್ಟೆಗೆ ಬಂತಾ ಭಾವ! ಬಿಸಿಲಿಗೆ, ಎಣ್ಣೆಗೆ ತಾಗಿಸಬೇಡಿ ಮಾರಾಯ್ರೆ, ಬಿರುಕು ಬಿಡ್ತದೆ."

ಪಟ್ಟಿಯನ್ನು ಅಡುಗೆಮನೆ ಬಾಗಿಲಿನ ಹಿಡಿಗೆ ಕಟ್ಟಿ ಎಳೆಯುತ್ತಿದ್ದೆ. ಆಚೆಯಿಂದ ನನ್ನವಳು ಬಾಗಿಲು ತೆಗೆದಳು. ಗಂಟು ಜಾರಿತು. ಪಟೀರ್! ಮೂಗು ಹಿಡಿದು ಕೂತವನನ್ನು ನೋಡಿ ಅವಳು ಕೇಳಿದ್ದು, "ರಬ್ಬರ್ ಹರೀತೇನ್ರೀ?"

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಮ್ಮ ಬಾಯಿ ತೆಗೆದಳು. "ಬಾವಿ ಸೇದೋ ಅಂದ್ರೆ ಆವಾಗ ಓಡಿಹೋಗ್ತಿದ್ದೆ. ಈಗ ದುಡ್ಡು ಕೊಟ್ಟು ಬಾಗಿಲು ಸೇದ್ತಿದೀಯ."

"ಎಳೆಯೋದು ದೊಡ್ಡದಲ್ಲಮ್ಮ, ಮೂರು ಎಣಿಸ್ಕೊಂಡು ನಿಧಾನಕ್ಕೆ ಬಿಡೋದೇ ಅರ್ಧ ವ್ಯಾಯಾಮ" ಅಂತ ಹುಡುಗಿಯ ಪಾಠ ಒಪ್ಪಿಸಿದೆ.

"ಅದಕ್ಕೂ ಅವಳೇ ಬೇಕಾಯ್ತೇ? ಕೊಡ ಇಳಿಸೋವಾಗ ಹಗ್ಗ ಸರ್‍ರಂತ ಬಿಟ್ಟರೆ ಅಂಗೈ ಸುಲಿದುಹೋಗತ್ತೆ. ಕೊಡಿಲ್ಲಿ."

ಕೂತಲ್ಲೇ ಪಟ್ಟಿಯನ್ನು ಅಂಗಾಲಿಗೆ ಸಿಕ್ಕಿಸಿ, ಸೊಂಟದ ತನಕ ಎಳೆದಳು. ನಿಧಾನಕ್ಕೆ ಬಿಟ್ಟಳು. ನಾನು ಎಣಿಸುತ್ತಾ ಹೋದೆ. ಹದಿನೈದಾದ ಮೇಲೆ ಪಟ್ಟಿ ನನ್ನ ಕಡೆ ಎಸೆದು ಕೇಳಿದಳು:

"ಕೆಂಪಿಂದು ಇದೆಯೇನೋ?"