ತೆಂಗಿನ ಚಿಪ್ಪಿಗೆ ಕ್ಷೌರ

ಮೂರು ವರ್ಷದ ಮಕ್ಕಳಿಗೆ ಕಥೆ ಓದಲು ಶುರುಮಾಡುವುದು ಸುಲಭ, ಮುಗಿಸುವುದೇ ಕಷ್ಟ. ‘ಕಥೆ ಮುಗೀತು’ ಎಂದು ಪುಸ್ತಕ ಮುಚ್ಚಿದರೆ ಅದು ನಮ್ಮ ಲೆಕ್ಕದ ಮುಕ್ತಾಯ. ಅವರ ಲೆಕ್ಕದಲ್ಲಿ ಕಥೆ ಆಗಷ್ಟೇ ಅಂಗಳಕ್ಕೆ ಇಳಿದಿರುತ್ತದೆ. ಒಬ್ಬ ಪುಸ್ತಕದ ಹಿಂದೆ ಹುಲಿ ಅಡಗಿದೆಯೇ ಎಂದು ಇಣುಕುತ್ತಾನೆ. ಇನ್ನೊಬ್ಬಳು ಪುಟದ ಮೇಲಿನ ಹಣ್ಣನ್ನು ಉಗುರಿನಿಂದ ಕೆರೆದು ಮೂಸುತ್ತಾಳೆ. ಮತ್ತೊಬ್ಬ ಎದ್ದು ನಿಂತು ‘ಮಿಸ್, ಸೂಸೂ’ ಅನ್ನುತ್ತಾನೆ. ಅದಕ್ಕೂ ಕಥೆಗೂ ಸಂಬಂಧವಿಲ್ಲ; ಆದರೂ ಮೊದಲು ವಿಚಾರಣೆಗೆ ತೆಗೆದುಕೊಳ್ಳಬೇಕಾದ ಅರ್ಜಿ ಅದೇ.

ಶಿಶುವಿಹಾರದಲ್ಲಿ ಕೆಲಸ ಮಾಡುವ ನಮ್ಮಂಥವರು ಕಥೆಯ ನಂತರದ ಈ ಹೊತ್ತಿಗೆ ‘ಆಕ್ಟಿವಿಟಿ’ ಎಂದು ಹೆಸರಿಟ್ಟಿದ್ದೇವೆ. ಹೆಸರು ಹೊಸದು, ಸಂಗತಿ ಹಳೆಯದು. ಗಿಜುಭಾಯಿ ಬಧೇಕಾ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದದ್ದು 1920ರಲ್ಲಿ. ಅವರ ‘ದಿವಾಸ್ವಪ್ನ’ ಪುಸ್ತಕದ ಮೇಷ್ಟ್ರು ಗದ್ದಲದ ತರಗತಿಯನ್ನು ಹತೋಟಿಗೆ ತಂದದ್ದು ಬೆತ್ತದಿಂದಲ್ಲ, ಕಥೆಯಿಂದ, ಕಥೆಯ ಬೆನ್ನಿಗೆ ಆಟ, ನಾಟಕ. 2023ರಲ್ಲಿ ಕೇಂದ್ರ ಸರ್ಕಾರವೂ ‘ಜಾದೂಯಿ ಪಿಟಾರಾ’ ಎಂಬ ಪೆಟ್ಟಿಗೆಯಲ್ಲಿ ಆಟಿಕೆ, ಗೊಂಬೆ, ಕಥೆಪುಸ್ತಕ ಎಲ್ಲವನ್ನೂ ತುಂಬಿ ಮುಂದಿಟ್ಟಿತು. ನಮ್ಮ ಪಿಟಾರಾ ಮಾತ್ರ ಅಡುಗೆಮನೆಯಿಂದ ಬರುತ್ತದೆ: ತೆಂಗಿನ ಚಿಪ್ಪು, ಒಂದು ಹಿಡಿ ರಾಗಿ, ಹಳೇ ನೈಟಿ, ಖಾಲಿ ಹಾರ್ಲಿಕ್ಸ್ ಬಾಟಲಿ.

ಪ್ರಥಮ್ ಬುಕ್ಸ್‌ನವರು ಹೊರತಂದ, ರೋಹಿಣಿ ನಿಲೇಕಣಿಯವರ ಶೃಂಗೇರಿ ಶ್ರೀನಿವಾಸ ನಮ್ಮ ತರಗತಿಯ ಖಾಯಂ ಅತಿಥಿ. ವರ್ಷಕ್ಕೊಮ್ಮೆ ಕ್ಷೌರ ಮಾಡಿಸಿಕೊಳ್ಳುವ ಆಸಾಮಿ. ಆ ದಿನ ಬಂದರೆ ಕ್ಷೌರದವನಿಗೆ ಪುರುಸೊತ್ತಿಲ್ಲ, ಹೆಂಡತಿಗೆ ಪುರುಸೊತ್ತಿಲ್ಲ, ದರ್ಜಿಗೂ ಇಲ್ಲ. ಅಲೆದೂ ಅಲೆದೂ ಕಾಡು ಸೇರಿ, ಕಡೆಗೆ ಹುಲಿಯ ಆರ್ಭಟಕ್ಕೆ ಕೂದಲೆಲ್ಲ ತಾನಾಗಿ ಉದುರುತ್ತದೆ. ‘ಪುರುಸೊತ್ತಿಲ್ಲ’ ಎಂಬ ಜಾಗ ಬಂದಾಗಲೆಲ್ಲ ಇಡೀ ತರಗತಿ ನನಗಿಂತ ಮೊದಲೇ ಒಕ್ಕೊರಲಿನಿಂದ ಹೇಳುತ್ತದೆ. ನಾನು ಕಲಿಸಿದ್ದಲ್ಲ, ಮನೆಯಲ್ಲೇ ಬಾಯಿಪಾಠ ಆಗಿ ಬಂದಿರುತ್ತದೆ.

ಕಥೆಯ ಮಾರನೆಯ ದಿನ ಒಬ್ಬೊಬ್ಬರಿಗೂ ಒಂದೊಂದು ಚಿಪ್ಪು. ಒಳಗೆ ಮಣ್ಣು ತುಂಬಿ, ರಾಗಿ ಉದುರಿಸಿ, ಚಮಚದಲ್ಲಿ ನೀರು ಹಾಕುವುದು. ಹೊರಗೆ ಸೀಮೆಸುಣ್ಣದಲ್ಲಿ ಶ್ರೀನಿವಾಸನ ಮುಖ ಬರೆಯುವುದು. ಕೆಲವು ಮುಖಗಳಿಗೆ ಮೂರು ಕಣ್ಣು, ಕೆಲವಕ್ಕೆ ಬರೀ ಹಲ್ಲು. ಪ್ರೀತಿ ಉಕ್ಕಿದ ಚಿಪ್ಪುಗಳಲ್ಲಿ ರಾಗಿ ತೇಲಿ ಹೊರಗೆ ಹರಿಯಿತು. ಮೂರು ನಾಲ್ಕು ದಿನಕ್ಕೆ ಮೊಳಕೆ ಕಂಡಿತು, ಹತ್ತು ದಿನ ಕಳೆಯುವಷ್ಟರಲ್ಲಿ ಸೊಂಪಾದ ಹಸಿರು ಜುಟ್ಟು. ಬೀಜ, ನೀರು, ಬೆಳಕು ಎಂದು ನಾನು ಒಂದು ಮಾತೂ ಹೇಳಿರಲಿಲ್ಲ. ಕಿಟಕಿಯ ಹತ್ತಿರದ ಚಿಪ್ಪಿನವನ ಜುಟ್ಟು ಬೆಳಕಿನ ಕಡೆಗೆ ವಾಲಿದ್ದನ್ನು ಅವರೇ ಕಂಡುಹಿಡಿದು, ‘ಇವ್ನು ಹೊರಗೆ ನೋಡ್ತಾನೆ, ಪಾಠ ಕೇಳಲ್ಲ’ ಎಂದು ಚಾಡಿ ಹೇಳಿದರು.

ಕ್ಷೌರದ ದಿನ ಮೊಂಡು ಕತ್ತರಿ ಹಂಚಿದೆ. ಮೊದಲನೆಯವನು ಕೈಕಟ್ಟಿ ಕೂತು ‘ನಂಗೆ ಪುರುಸೊತ್ತಿಲ್ಲ’ ಎಂದ. ಎರಡನೆಯವಳಿಗೂ ಇಲ್ಲ. ಹಾಗಾದರೆ ಹುಲಿಯೇ ಗತಿ ಎಂದು ಎಲ್ಲರೂ ತೀರ್ಮಾನಿಸಿ, ಚಿಪ್ಪುಗಳನ್ನು ಸಾಲಾಗಿಟ್ಟು, ಒಟ್ಟಿಗೆ ಘರ್ಜಿಸಿದರು. ಪಕ್ಕದ ತರಗತಿಯ ಪ್ರಾರ್ಥನೆ ನಿಂತಿತು, ಆಯಾ ಪೊರಕೆ ಹಿಡಿದು ಓಡಿ ಬಂದರು. ರಾಗಿಯ ಒಂದು ಎಸಳೂ ಅಲುಗಲಿಲ್ಲ. ಒಬ್ಬಳು ಚಿಪ್ಪನ್ನು ಎತ್ತಿ, ಸುತ್ತಲೂ ತಿರುಗಿಸಿ ನೋಡಿ ಹೇಳಿದಳು: ‘ಮಿಸ್, ಇವ್ನಿಗೆ ಕಿವೀನೇ ಬರೆದಿಲ್ಲ. ಹೆಂಗ್ ಕೇಳ್ಸತ್ತೆ?’

ಆರ್ಭಟ ಕಿವಿಗೆ ಬೀಳಬೇಕು, ಕಿವಿಗೆ ಬಿದ್ದರೆ ಭಯ, ಭಯವಾದರೆ ಕೂದಲು ಉದುರಬೇಕು. ಕಥೆಯ ಇಡೀ ತರ್ಕ ಅವಳ ಕೈಯಲ್ಲಿತ್ತು. ‘ಕಥೆಯಿಂದ ಏನು ಕಲಿತಿರಿ?’ ಎಂದು ಕೇಳಿದ್ದರೆ ‘ಒಳ್ಳೇದು ಮಾಡ್ಬೇಕು’ ಎಂಬ ಸರ್ವಋತು ಉತ್ತರ ಬರುತ್ತಿತ್ತು. ಯಾವ ಕಥೆಗೂ ಒಗ್ಗುವ ಉತ್ತರ ಅದು, ಯಾವ ಕಥೆಯನ್ನೂ ಕೇಳದವರೂ ಕೊಡಬಹುದು.

ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳದ ಪುಸ್ತಕ 1969ರದು. ಹುಳ ಕೊರೆದ ತೂತುಗಳು ಪುಟಗಳಲ್ಲಿ ನಿಜವಾಗಿಯೂ ಇವೆ. ಬೆರಳು ತೂರಿಸದೆ ಮುಂದೆ ಹೋಗಲು ಯಾರೂ ಬಿಡುವುದಿಲ್ಲ. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಎಂದು ಸಾಗಿ ಶನಿವಾರ ಅದು ಕೇಕು, ಐಸ್‌ಕ್ರೀಮು, ಕಲ್ಲಂಗಡಿ ಎಲ್ಲವನ್ನೂ ಮುಕ್ಕುತ್ತದೆ. ಇಲ್ಲಿ ಒಂದು ತಕರಾರು ಬಂತು: ‘ಶನಿವಾರ ನಮ್ಮಜ್ಜಿ ಒಪ್ಪೊತ್ತು. ಹುಳ ಯಾಕೆ ತಿಂತು?’ ಉತ್ತರ ಹುಡುಕುವ ಹೊಣೆಯನ್ನು ಗೋಧಿಹಿಟ್ಟಿನ ಕಣಕಕ್ಕೆ ಬಿಟ್ಟೆ. ಶನಿವಾರದ ಊಟವನ್ನು ಅವರೇ ಮಾಡಿದರು: ಕೋಡುಬಳೆ, ನಿಪ್ಪಟ್ಟು, ಅಜ್ಜಿಗೋಸ್ಕರ ಅವಲಕ್ಕಿ. ಪುಸ್ತಕದಲ್ಲಿ ಹುಳದ ಹೊಟ್ಟೆನೋವು ಹಸಿರೆಲೆಯಿಂದ ವಾಸಿಯಾಗುತ್ತದೆ. ನಮ್ಮಲ್ಲಿ ಓಮದ ನೀರಿನಿಂದ.

ಅಂಗಳದ ಕರಿಬೇವಿನ ಗಿಡದಲ್ಲಿ ಅಸಲಿ ಹುಳವೇ ಸಿಕ್ಕಿತು. ಎಳೆಯದಿದ್ದಾಗ ಥೇಟ್ ಹಕ್ಕಿಯ ಹಿಕ್ಕೆ, ಬಲಿತ ಮೇಲೆ ಎಲೆಯದೇ ಹಸಿರು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಗಿನ ಕವಲುಕೊಂಬು ಚಾಚಿ ಗಾಟು ವಾಸನೆ ಬಿಡುತ್ತಿತ್ತು. ಪುಸ್ತಕದ ಹುಳ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ನಮ್ಮದು ರೇಷ್ಮೆಯ ಎಳೆಯಿಂದ ಸೊಂಟಪಟ್ಟಿ ಕಟ್ಟಿಕೊಂಡು, ಚರ್ಮ ಕಳಚಿ, ತಾನೇ ಕೋಶವಾಗಿ ಕೂತಿತು. ‘ಪುಸ್ತಕದಲ್ಲಿ ತಪ್ಪು ಬರ್ದಿದಾರೆ’ ಎಂದು ತೀರ್ಪಾಯಿತು. ಒಂದು ಸೋಮವಾರ ಬಂದು ನೋಡಿದರೆ ಬರೀ ಸಿಪ್ಪೆ. ಯಾರಿಗೂ ಬೇಜಾರಾಗಲಿಲ್ಲ: ‘ನಿನ್ನೆ ರಜ ಇತ್ತಲ್ಲ, ಊರಿಗೆ ಹೋಗಿರತ್ತೆ.’

ಇಷ್ಟರವರೆಗೆ ಸುಖ. ಕಷ್ಟ ಶುರುವಾಗುವುದು ಆಕ್ಟಿವಿಟಿ ಮನೆಗೆ ಹೋದಾಗ. ‘ಮಗು ಮನೆಯಲ್ಲಿ ಒಂದು ಚಿಟ್ಟೆ ಮಾಡಲಿ’ ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ, ರಾತ್ರಿ ಒಂಬತ್ತಕ್ಕೆ ಊರಿನ ಸ್ಟೇಷನರಿ ಅಂಗಡಿಗಳಲ್ಲಿ ಥರ್ಮಾಕೋಲ್ ಖಾಲಿ. ಬೆಳಿಗ್ಗೆ ಬಂದಿಳಿಯುವ ಚಿಟ್ಟೆಗಳಿಗೆ ಜರಿ ಅಂಚು, ಚಮಕಿ, ಒಂದಕ್ಕೆ ಬ್ಯಾಟರಿ ಹಾಕಿ ಮಿನುಗುವ ದೀಪ. ಎರಡು ಕಡೆಯ ರೆಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಎಂಜಿನಿಯರ್ ಅಪ್ಪಂದಿರ ಕೈಚಳಕ. ಮಕ್ಕಳು ತಮ್ಮ ಚಿಟ್ಟೆಯನ್ನು ದೂರದಿಂದ ತೋರಿಸುತ್ತಾರೆ, ಏಕೆಂದರೆ ಮುಟ್ಟಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿರುತ್ತದೆ. ಒಬ್ಬ ಮಾತ್ರ ಹಳೇ ಕ್ಯಾಲೆಂಡರಿನ ಹಾಳೆ ತಂದಿದ್ದ. ಕಾಗದಕ್ಕಿಂತ ತೂತೇ ಹೆಚ್ಚು. ‘ಚಿಟ್ಟೆ ಎಲ್ಲೋ?’ ಎಂದರೆ, ‘ಹುಳ ಇನ್ನೂ ತಿಂತಾ ಇದೆ ಮಿಸ್, ಆಮೇಲೆ ಆಗತ್ತೆ.’ ಗೋಡೆಯ ಮೇಲೆ ನಾನು ಮೊದಲು ಅಂಟಿಸಿದ್ದು ಅದನ್ನೇ. ಪೋಷಕರ ಸಭೆಯಲ್ಲಿ ‘ಇದನ್ನು ಯಾಕೆ ತೆಗೆದಿಲ್ಲ?’ ಎಂದು ಕೇಳಿದವರಿಗೆ, ಆ ಗೋಡೆಯಲ್ಲಿ ಮಗು ಮಾಡಿದ್ದು ಅದೊಂದೇ ಎಂದು ಹೇಳುವ ಧೈರ್ಯವೂ ಬಂತು.

ಆದ್ದರಿಂದ ಅಪ್ಪ ಅಮ್ಮಂದಿರಲ್ಲಿ ಒಂದು ಮನವಿ. ಪುಸ್ತಕಕ್ಕೆ ದುಡ್ಡಿಲ್ಲವೆಂಬ ಚಿಂತೆ ಬೇಡ. 2015ರಲ್ಲಿ ಶುರುವಾದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಒಂದನ್ನು ಜೋರಾಗಿ ಓದಿ, ಇನ್ನೊಂದು ಸಲ ಅಂದರೆ ಇನ್ನೊಂದು ಸಲ ಓದಿ. ಆಮೇಲೆ ಒಂದು ಚಿಪ್ಪು, ಒಂದು ಹಿಡಿ ರಾಗಿ ಕೊಟ್ಟು ನಿಮ್ಮ ಕೈಯನ್ನು ನೀವೇ ಹಿಂದಕ್ಕೆ ಕಟ್ಟಿಕೊಂಡು ಕೂತುಬಿಡಿ. ನೆಲ ಕೆಸರಾದರೆ ಒರೆಸಿಕೊಂಡರಾಯಿತು. ಥರ್ಮಾಕೋಲ್ ಮಾತ್ರ ದಯವಿಟ್ಟು ಬೇಡ.